ಮೂಲೆ ನೋಡುತ್ತಿದ್ದ ಬಿಸೆರಾ

ಬಿಸೆರಾಳನ್ನು ಮಣ್ಣು ಮಾಡಿ ಇವತ್ತಿಗೆ ಒಂಬತ್ತು ದಿನ. ಬೆಳಿಗ್ಗೆ ಸ್ಮಶಾನಕ್ಕೆ ಹೋಗಿ, ಬೇಯಿಸಿದ ಗೋಧಿಗೆ ಸಕ್ಕರೆ ಬೆರೆಸಿ ಬಂದವರಿಗೆಲ್ಲ ಹಂಚಿದೆವು. ಕೈಯೊಡ್ಡಿದವರೆಲ್ಲ ಒಂದೇ ಮಾತು ಹೇಳಿದರು: "ಎಂಥ ಭಕ್ತೆ! ಸಂತ ಮರಿನಾಳ ಇಗರ್ಜಿ ಬಿಟ್ಟರೆ ಬೇರೆ ಲೋಕವೇ ಇರಲಿಲ್ಲ ಅವಳಿಗೆ." ನಾನು ಸುಮ್ಮನೆ ಗೋಧಿ ಹಾಕುತ್ತಾ ಹೋದೆ. ಐವತ್ತು ವರ್ಷ ಅವಳ ಪಕ್ಕದಲ್ಲಿ ಕೂತವಳು ನಾನು. ಬಿಸೆರಾ ಭಕ್ತೆಯಲ್ಲ, ಹೆದರಿದವಳು. ಆರನೇ ವಯಸ್ಸಿನಿಂದ ಒಂದು ಸೂರಿಗೆ, ಆ ಮಾಡಿನ ಕೆಳಗೆ ಸೇರುವ ಜನಕ್ಕೆ ಏನಾಗುತ್ತದೋ ಅಂತ ಹೆದರಿದವಳು. ಅದನ್ನು ಅವಳ ಭಕ್ತಿ ಅಂತ ಊರು ನೆನಪಿಟ್ಟುಕೊಂಡರೆ ಅವಳು ಪಟ್ಟ ಪಾಡು ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಯಾವೊರ್ಕಾ ಊರಿನ ಮೇಲುಗಡೆ, ಕಾಡು ಮುಗಿದು ಹುಲ್ಲುಗಾವಲು ಶುರುವಾಗುವ ಇಳಿಜಾರಿನಲ್ಲಿ ಆ ಇಗರ್ಜಿ ಇತ್ತು. ದೊಡ್ಡದೇನಲ್ಲ. ಏಳು ಮೀಟರ್ ಉದ್ದ, ಐದು ಮೀಟರ್ ಅಗಲ. ನಲವತ್ತು ಜನ ಒಳಗೆ ನಿಂತರೆ ಮುಂದಿನವರ ಕತ್ತಿಗೆ ಹಿಂದಿನವರ ಉಸಿರು ತಾಗುತ್ತಿತ್ತು. 1938ರ ಬೇಸಿಗೆಯಲ್ಲಿ ಕಟ್ಟಿದ್ದು. ಜಫೀರಾ ಅನ್ನುವ ಮುದುಕಿಯ ಕನಸಿನಲ್ಲಿ ಸಂತ ಮರಿನಾ ಬಂದು, "ಮೇಲೆ ನನಗೊಂದು ಮನೆ ಕಟ್ಟಿಸು, ನನ್ನ ಮುಖಕ್ಕೆ ಬಿಸಿಲು ಬೀಳಬೇಕು" ಅಂದಳಂತೆ. ನಮ್ಮ ರೊಡೋಪಿ ಬೆಟ್ಟಗಳಲ್ಲಿ ಇಂಥ ಇಗರ್ಜಿಗಳೆಲ್ಲ ಹುಟ್ಟಿದ್ದು ಹೀಗೇ. ಒಬ್ಬರಿಗೆ ಕನಸು ಬೀಳುತ್ತದೆ, ಊರೆಲ್ಲ ಕಲ್ಲು ಹೊರುತ್ತದೆ.

ಕಟ್ಟಿದವನು ಬಿಸೆರಾಳ ಅಪ್ಪ, ಪ್ರೊದಾನ್ ಮೇಸ್ತ್ರಿ. ಸುತ್ತಲಿನ ಏಳು ಹಳ್ಳಿಗಳಲ್ಲಿ ಅವನ ಕೈಗೆ ಹೆಸರಿತ್ತು. ನಮ್ಮ ಕಡೆಯ ಗೋಡೆಗಳಿಗೆ ಸಿಮೆಂಟಿಲ್ಲ, ಕಾಡುಗಲ್ಲನ್ನು ಮಣ್ಣಿನಲ್ಲಿ ಕೂರಿಸುತ್ತಾರೆ. ಆ ಗೋಡೆ ನಿಲ್ಲುವುದು ಕಲ್ಲಿನಿಂದಲ್ಲ, ಮರದಿಂದ. ಮೊಣಕಾಲಿನ ಎತ್ತರದಲ್ಲಿ ಒಂದು, ಭುಜದ ಎತ್ತರದಲ್ಲಿ ಇನ್ನೊಂದು, ಹೀಗೆ ಓಕ್ ತೊಲೆಗಳನ್ನು ಗೋಡೆಯೊಳಗೇ ಸುತ್ತ ಹಾಯಿಸಿ, ನಾಲ್ಕು ಮೂಲೆಗಳಲ್ಲಿ ಒಂದಕ್ಕೊಂದು ಕಚ್ಚಿಸಿ ಗೂಟ ಹೊಡೆಯುತ್ತಾರೆ. ಮೇಸ್ತ್ರಿಗಳು ಅದಕ್ಕೆ ಸೊಂಟಪಟ್ಟಿ ಅನ್ನುತ್ತಾರೆ. ಮೇಲೆ ಚಪ್ಪಡಿ ಕಲ್ಲಿನ ಮಾಡು. ಒಂದೊಂದು ಚಪ್ಪಡಿ ಎತ್ತಲು ಇಬ್ಬರು ಬೇಕು. ಆ ಭಾರ ಹಗಲೂ ರಾತ್ರಿ ಗೋಡೆಗಳನ್ನು ಹೊರಗೆ ತಳ್ಳುತ್ತಿರುತ್ತದೆ, ಸೊಂಟಪಟ್ಟಿ ಅವನ್ನು ತಬ್ಬಿ ಹಿಡಿದಿರುತ್ತದೆ. ಇಳಿಜಾರಿನಲ್ಲಂತೂ ಮೇಲುಗಡೆಯ ಗೋಡೆ ಅರ್ಧ ನೆಲದೊಳಗೆ ಹೂತಿರುತ್ತದೆ, ಕೆಳಗಡೆಯದು ಒಂದೂವರೆ ಆಳು ಎತ್ತರ ಬೆತ್ತಲೆ ನಿಂತಿರುತ್ತದೆ. ಆ ಕೆಳಗಿನ ಗೋಡೆಗೆ ಸೊಂಟಪಟ್ಟಿಯೇ ಜೀವ.

ಗೋಡೆ ಎದ್ದು, ಮೇಲಿನ ಪಟ್ಟಿ ಕೂತು, ಹಬ್ಬಕ್ಕೆ ಎರಡೇ ವಾರ ಉಳಿದಿದ್ದಾಗ ಜಫೀರಾ ಮುದುಕಿ ಬಂದಳು. ಕೆಳಗಿನ ಗೋಡೆಯ ಮುಂದೆ ನಿಂತು ಬೆರಳು ಇಟ್ಟು ತೋರಿಸಿದಳು: "ಕಿಟಕಿ ಇಲ್ಲಿ. ಕನಸಲ್ಲಿ ಕಂಡಿದ್ದು ಇಲ್ಲೇ." ಅವಳ ಬೆರಳಿದ್ದದ್ದು ಸರಿಯಾಗಿ ಪಟ್ಟಿಯ ಮೇಲೆ. ಪ್ರೊದಾನ್ ಒಂದು ಮೊಳ ಮೇಲೆ ಇಡುತ್ತೇನೆ ಅಂದ. ಮುದುಕಿ ಒಪ್ಪಲಿಲ್ಲ. ಗೋಡೆ ಬಿಚ್ಚಿ ಪಟ್ಟಿಯನ್ನು ಮೇಲಕ್ಕೇರಿಸಲು ದಿನಗಳಿರಲಿಲ್ಲ. ಮಾರನೆಯ ದಿನ ಮಧ್ಯಾಹ್ನ ಕೂಲಿಯವರು ಊಟಕ್ಕೆ ಹೋದಾಗ ಅವನು ಗರಗಸ ಹಿಡಿದು ಆ ತೊಲೆಯನ್ನು ಎರಡು ಕಡೆ ಕೊಯ್ದು, ನಡುವಿನ ತುಂಡನ್ನು ತೆಗೆದು ಕಿಟಕಿ ಇಟ್ಟ. ಅಪ್ಪನಿಗೆ ಊಟದ ಗಂಟು ಹೊತ್ತು ಬಂದಿದ್ದ ಆರು ವರ್ಷದ ಬಿಸೆರಾ ಹಿಂದೆ ನಿಂತು ನೋಡುತ್ತಿದ್ದಳು. ಅಪ್ಪ ತಿರುಗಿದಾಗ ಅವನ ಮುಖ ಸುಣ್ಣದ ಹಾಗಿತ್ತಂತೆ. ಗಂಟಿನಿಂದ ರೊಟ್ಟಿ ತೆಗೆದು ಅವಳ ಕೈಗಿಟ್ಟು, "ಇದರ ಮೇಲೆ ಆಣೆ ಮಾಡು, ನೀನು ಏನೂ ನೋಡ್ಲಿಲ್ಲ" ಅಂದ.

ಸಂಜೆಯೊಳಗೆ ಎಲ್ಲ ಗಾರೆಯ ಕೆಳಗೆ ಹೋಯಿತು. ಬಾಗಿಲ ಮೇಲೆ ಅವನ ಹೆಸರು ಕೆತ್ತಿದ ಕಲ್ಲು ಕೂತಿತು.

1951ರಲ್ಲಿ ಪ್ರೊದಾನ್ ಕಲ್ಲಿನ ಧೂಳು ಎದೆಗೆ ಕೂತು ತೀರಿಕೊಂಡ. ಸಾಯುವ ಮುಂಚೆ ಮಗಳನ್ನು ಕರೆದು ಮೂರು ಮಾತು ಹೇಳಿದ: ಮೂಲೆಗಳನ್ನು ನೋಡ್ತಾ ಇರು. ಮಾಡಿನ ಮೇಲೆ ಭಾರ ಹಾಕೋಕೆ ಬಿಡಬೇಡ. ಯಾರಿಗೂ ಹೇಳಬೇಡ. ಹತ್ತೊಂಬತ್ತು ವರ್ಷದ ಹುಡುಗಿ ಅದನ್ನು ತಲೆಗೆ ಕಟ್ಟಿಕೊಂಡಳು. ಯಾರಿಗೂ ಹೇಳದೆ ಉಳಿದೆರಡನ್ನು ಹೇಗೆ ಮಾಡುವುದು ಅಂತ ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಇದೆಲ್ಲ ನನಗೆ ಗೊತ್ತಾಗಿದ್ದು ತೀರಾ ತಡವಾಗಿ. ನಾನು ಅವಳನ್ನು ಕಂಡದ್ದು ಸಹಕಾರಿ ನೇಯ್ಗೆ ಶೆಡ್ಡಿನಲ್ಲಿ. ಹೆಂಗಸರು ಆಡಿನ ಕೂದಲಿನ ಜಮಖಾನ ನೇಯುತ್ತಿದ್ದರು, ಗ್ರಂಥಾಲಯದವಳಾದ ನಾನು ದಿನಕ್ಕೊಂದು ಗಂಟೆ ಅವರಿಗೆ ಪತ್ರಿಕೆ ಓದಿ ಹೇಳಬೇಕಿತ್ತು. ಬಿಸೆರಾಳ ಮಗ್ಗ ಬಾಗಿಲ ಪಕ್ಕ. ಚಳಿಗಾಲದಲ್ಲಿ ಅಲ್ಲಿ ಬೆರಳು ಸೆಟೆಯುತ್ತಿದ್ದವು. ಒಲೆಯ ಹತ್ತಿರ ಜಾಗ ಖಾಲಿಯಾದಾಗ ಕರೆದರೂ ಬರಲಿಲ್ಲ. "ಬಾಗಿಲು ಕಾಯೋ ನಾಯಿ ಥರ ಅಲ್ಲೇ ಇರ್ತೀಯಲ್ಲೇ" ಅಂದೆ. "ನಾಯಿ ಬೊಗಳತ್ತೆ, ನಾನು ಬೊಗಳಲ್ಲ, ಅಷ್ಟೇ ವ್ಯತ್ಯಾಸ" ಅಂದು ನಕ್ಕಳು. ಯಾರ ಮನೆಗೆ ಹೋದರೂ ಮೊದಲು ನಾಲ್ಕು ಮೂಲೆಗಳನ್ನು ನೋಡುತ್ತಿದ್ದಳು, ಆಮೇಲೆ ಮನೆಯವರ ಮುಖ. ಜೇಡರ ಬಲೆ ಹುಡುಕುತ್ತಾಳೆ, ಸೊಕ್ಕಿನವಳು ಅಂತ ಹೆಂಗಸರು ಆಡಿಕೊಂಡರು.

ಅವಳ ಗಂಡ ಆಂದೊನ್ ದಿಮ್ಮಿ ಲಾರಿ ಓಡಿಸುತ್ತಿದ್ದ, ಒಳ್ಳೆಯವನು, ನಗಿಸುವವನು. ಮಕ್ಕಳಾಗಲಿಲ್ಲ. ಮಕ್ಕಳಿಲ್ಲದ ಹೆಂಗಸು ಜುಲೈ ಹದಿನೇಳರ ಮರಿನಾ ಹಬ್ಬದ ಹಿಂದಿನ ರಾತ್ರಿ ಇಗರ್ಜಿಯೊಳಗೆ ಕಂಬಳಿ ಹಾಸಿ ಮಲಗಬೇಕು ಅನ್ನುವುದು ನಮ್ಮಲ್ಲಿ ರೂಢಿ. ಬಿಸೆರಾ ಮಲಗಲಿಲ್ಲ. ಒಂದು ವರ್ಷ ತಲೆನೋವು ಅಂದಳು, ಇನ್ನೊಂದು ವರ್ಷ ಜ್ವರ. ಅತ್ತೆ ನಾಲ್ಕು ಜನರ ಮುಂದೆಯೇ ಅಂದಳು: "ಸಂತಮ್ಮನ ನೆಲ ಮೇಸ್ತ್ರಿ ಮಗಳ ಬೆನ್ನಿಗೆ ಒರಟಾಯ್ತೇನೋ! ಅವರಪ್ಪ ಕಟ್ಟಿದ್ದಲ್ವಾ, ಮೆತ್ತಗೆ ಕಟ್ಟಬೇಕಿತ್ತು." ಆ ದಿನ ಬಿಸೆರಾ ನನ್ನ ಹತ್ತಿರ ಬಂದು ಗ್ರಂಥಾಲಯದ ಹಿಂದಿನ ಮೆಟ್ಟಿಲ ಮೇಲೆ ಕೂತು ಅತ್ತಳು. "ನಂಗೂ ಮಗು ಬೇಕು ಸೆವ್ದಾ" ಅಂದಳು. "ಹಾಗಾದ್ರೆ ಒಂದು ರಾತ್ರಿ ಮಲಗಿ ಎದ್ದು ಬಾ, ಅವಳ ಬಾಯಾದ್ರೂ ಮುಚ್ಚತ್ತೆ" ಅಂದೆ. ಆಗಲ್ಲ ಅಂತ ತಲೆಯಾಡಿಸಿದಳು. ಇನ್ನೂ ಜೋರಾಗಿ ಬಿಕ್ಕಿದಳು. ಅತ್ತೆಯ ಮಾತಿಗೆ ಅಂದುಕೊಂಡೆ.

1959ರಲ್ಲಿ ಕಮ್ಯುನಿಸ್ಟ್ ಸರ್ಕಾರ ಇಗರ್ಜಿ ಮುಚ್ಚಿಸಿ ಸಹಕಾರ ಸಂಘದ ಹುಲ್ಲು ತುಂಬಿಸಿತು. ಊರಿನ ಮುದುಕಿಯರೆಲ್ಲ ಅತ್ತರು. ಬಿಸೆರಾ ಮಾತ್ರ ಅದೇ ವಾರ ಬಣ್ಣದ ತಲೆವಸ್ತ್ರ ಕಟ್ಟಿಕೊಂಡು ಕೆಲಸಕ್ಕೆ ಬಂದಳು, ಮಗ್ಗದ ಮುಂದೆ ಸಣ್ಣಗೆ ಹಾಡಿದಳು. ಮೂವತ್ತೆರಡು ವರ್ಷ ಆ ಮಾಡಿನ ಕೆಳಗೆ ಇದ್ದದ್ದು ಹುಲ್ಲು. ಆ ಮೂವತ್ತೆರಡು ವರ್ಷವೇ ಅವಳ ಆಯುಷ್ಯದಲ್ಲಿ ನೆಮ್ಮದಿಯ ಕಾಲ ಅಂತ ಈಗ ಅನ್ನಿಸುತ್ತದೆ. ಆದರೂ ಪ್ರತಿ ವಸಂತದಲ್ಲಿ ಹಿಮ ಕರಗಿದ ಮೇಲೆ ಒಬ್ಬಳೇ ಮೇಲೆ ಹೋಗಿ ಬರುತ್ತಿದ್ದಳು. ಕೇಳಿದರೆ ಬೆಟ್ಟದ ಚಹಾ ಎಲೆ ಕೀಳೋಕೆ ಅನ್ನುತ್ತಿದ್ದಳು. ಆ ಹೊತ್ತಿಗೆ ಆ ಕಾಡುಮೂಲಿಕೆ ಚಿಗುರಿಯೇ ಇರುವುದಿಲ್ಲ.

ಆ ಸರ್ಕಾರ ಬಿದ್ದ ಮೇಲೆ, 1991ರಲ್ಲಿ, ಇಗರ್ಜಿ ಮತ್ತೆ ತೆರೆಯಿತು. ಬೀಗದ ಕೈ ಯಾರ ಹತ್ತಿರ ಇರಬೇಕು ಅಂತ ಸಭೆ ಕೂತಾಗ ಬಿಸೆರಾ ಎಲ್ಲರಿಗಿಂತ ಮೊದಲು ಎದ್ದು, "ನಂಗೆ ಕೊಡಿ" ಅಂದಳು. ಆ ಹೊತ್ತಿಗೆ ಆಂದೊನ್ ತೀರಿಕೊಂಡಿದ್ದ. ವಿಧವೆ, ಒಂಟಿ, ಕಟ್ಟಿದವನ ಮಗಳು. ಎಲ್ಲರೂ ಕಣ್ಣೊರೆಸಿಕೊಂಡು ಒಪ್ಪಿದರು. ಅವಳ ಭಕ್ತಿಯ ಹೆಸರು ಶುರುವಾಗಿದ್ದು ಅಲ್ಲಿಂದ.

ಹಬ್ಬದ ಬೆಳಿಗ್ಗೆ, ಪ್ರಾರ್ಥನೆಗೆ ಮುಂಚೆ, ಮೇಣದಲ್ಲಿ ಅದ್ದಿದ ನೂಲನ್ನು ಇಗರ್ಜಿಯ ಸುತ್ತ ಭುಜದ ಎತ್ತರದಲ್ಲಿ ಒಂದು ಸುತ್ತು ತಂದು ಬಾಗಿಲ ಹತ್ತಿರ ಎರಡು ತುದಿಗಳನ್ನು ಗಂಟು ಹಾಕುತ್ತಾರೆ. ಆಮೇಲೇ ಜನ ಒಳಗೆ ಹೋಗುವುದು. ಸಂಜೆ ಆ ನೂಲನ್ನು ತುಂಡು ಮಾಡಿ ಕೈಗೆ ಕಟ್ಟಿಕೊಳ್ಳುತ್ತಾರೆ. ನೂಲಿನ ಅಳತೆಗೆ ಅಂತ 1938ರಲ್ಲಿ ಜಫೀರಾ ಮುದುಕಿ ಹೊಸೆದಿಟ್ಟ ಆಡಿನ ಕೂದಲಿನ ಹಗ್ಗವೊಂದಿತ್ತು. ಬಿಸೆರಾ ಪ್ರತಿ ವರ್ಷ ಅದರ ಉದ್ದಕ್ಕೆ ಹೊಸ ನೂಲು ಕತ್ತರಿಸಿ ಮೇಣ ಹಚ್ಚುತ್ತಿದ್ದಳು.

1994ರಲ್ಲಿ ನೂಲಿನ ತುದಿಗಳು ಕೂಡಲಿಲ್ಲ. ನಾಲ್ಕು ಬೆರಳಿನಷ್ಟು ಕಡಿಮೆ ಬಿತ್ತು.

ಮತ್ತೆ ಎಳೆದು ನೋಡಿದರು, ಆಗಲಿಲ್ಲ. ಆಮೇಲೆ ಹಬ್ಬದ ಸಮಿತಿಯ ಕರಂಫಿಲ್ ಟೋಪಿ ತೆಗೆದು ಕೂಗಿದ: "ಬೆಳೆದಿದಾಳ್ರೋ! ಮರಿನಾ ತಾಯಿ ಬೆಳೆದಿದಾಳೆ! ಹುಲ್ಲಲ್ಲಿ ಮುಚ್ಚಿಟ್ಟಿದ್ರಲ್ಲ, ಈಗ ಉಸಿರು ಬಿಡ್ತಿದಾಳೆ!" ಕರಂಫಿಲ್ ಅರಣ್ಯ ಇಲಾಖೆಯಿಂದ ನಿವೃತ್ತನಾದವನು, ಗಂಟಲು ದೊಡ್ಡದು, ಮನಸ್ಸು ಕೆಟ್ಟದ್ದಲ್ಲ. ಜನ ಅಳುತ್ತಾ ಶಿಲುಬೆಯ ಗುರುತು ಮಾಡಿಕೊಂಡರು. ನಾನು ಬಿಸೆರಾಳನ್ನು ನೋಡಿದೆ. ನೂಲಿನ ತುದಿ ಹಿಡಿದು ನಿಂತಿದ್ದಳು. ಬಾಯಿ ಒಣಗಿ ತುಟಿ ಹಲ್ಲಿಗೆ ಅಂಟಿಕೊಂಡಿತ್ತು.

ಮಾರನೆಯ ವಾರ ಆ ಹಗ್ಗ ಹಿಡಿದು ಗ್ರಂಥಾಲಯಕ್ಕೆ ಬಂದಳು.

"ಸೆವ್ದಾ, ನೀನು ಓದಿದೋಳು. ಆಡಿನ ಕೂದಲ ಹಗ್ಗ ಚಿಕ್ಕದಾಗತ್ತಾ?"

"ಆಗ್ದೆ ಏನು? ಒದ್ದೆಯಾಗಿ ಒಣಗಿದ್ರೆ ಮುದುಡಿಕೊಳ್ಳತ್ತೆ. ಮೂವತ್ತು ವರ್ಷ ನೇಯ್ದೋಳು ನೀನು, ನನ್ನ ಕೇಳ್ತೀಯಲ್ಲೇ."

"ಮುದುಡೋದು ಕುರಿ ಉಣ್ಣೆ. ಆಡಿಂದು ಮುದುಡಲ್ಲ."

"ಮತ್ತೆ ಗೊತ್ತಿದ್ದೂ ಯಾಕೆ ಕೇಳಿದೆ?"

"ನೀನು ಹೌದು ಅಂದ್ರೆ ನಂಬಿಬಿಡೋಣ ಅಂತ."

ನಾನು ನಕ್ಕೆ. ಅವಳು ನಗಲಿಲ್ಲ. ಇಗರ್ಜಿಯ ಸುತ್ತಳತೆ ಹೊಸ್ತಿಲ ಕಲ್ಲಿನ ಇಪ್ಪತ್ತೊಂದು ಪಟ್ಟು ಅಂತ ಅಪ್ಪ ಹೇಳುತ್ತಿದ್ದನಂತೆ. ಹೊಸ್ತಿಲ ಕಲ್ಲಿಗೆ ಹಿಡಿದು ಹಗ್ಗವನ್ನು ಅಳೆದಿದ್ದಳು. ಹಗ್ಗ ಇವತ್ತಿಗೂ ಸರಿಯಾಗಿ ಇಪ್ಪತ್ತೊಂದು. "ಹಗ್ಗ ಇದ್ದಂಗೇ ಇದೆ. ಗೋಡೆ ಹೋಗ್ತಿದೆ, ಸೆವ್ದಾ. ಮೂಲೆ ಬಿಡ್ತಿದೆ" ಅಂದಳು.

"ಯಾಕೆ ಬಿಡತ್ತೆ? ನಿಮ್ಮಪ್ಪ ಕಟ್ಟಿದ್ದಲ್ವಾ? ಅವನ ಗೋಡೆ ಎಲ್ಲಾದ್ರೂ ಬಿದ್ದಿದ್ದುಂಟಾ?"

ಅವಳು ಹಗ್ಗವನ್ನು ಸುತ್ತಿಕೊಂಡು ಎದ್ದು ಹೋದಳು. ಇನ್ನೊಂದು ಪ್ರಶ್ನೆ ಕೇಳಿದ್ದರೆ ಹೇಳುತ್ತಿದ್ದಳೋ ಏನೋ. ನಾನು ಕೇಳಲಿಲ್ಲ. ಅದಕ್ಕಿಂತ ಕೆಟ್ಟ ಕೆಲಸ ಮಾಡಿದೆ. "ಬೆಳೆಯುವ ಇಗರ್ಜಿ" ಅಂತ ಜಿಲ್ಲಾ ಪತ್ರಿಕೆಗೆ ಒಂದು ಲೇಖನ ಬರೆದೆ. ನನಗೆ ನಂಬಿಕೆಯೇನೂ ಇರಲಿಲ್ಲ, ಚೆಂದದ ಸಂಗತಿ ಅನ್ನಿಸಿತ್ತು ಅಷ್ಟೇ. ಮುಂದಿನ ಹಬ್ಬಕ್ಕೆ ಜಿಲ್ಲಾ ಪಟ್ಟಣ ಸ್ಮೊಲ್ಯಾನಿನಿಂದ ಎರಡು ಬಸ್ಸು ಬಂದವು.

ವರ್ಷ ವರ್ಷವೂ ನೂಲು ಇನ್ನಷ್ಟು ಕಡಿಮೆ ಬಿದ್ದಿತು. ಜನ ಇನ್ನಷ್ಟು ಬಂದರು. ಹಬ್ಬದ ಹಿಂದಿನ ವಾರ ಊರ ಹೆಂಗಸರು ಮೇಲೆ ಹೋಗಿ ಒಳಗೂ ಹೊರಗೂ ಜೇಡಿಮಣ್ಣು ಮೆತ್ತಿ ಸುಣ್ಣ ಬಳಿಯುತ್ತಿದ್ದರು. ಮೂಲೆಯ ಬಿರುಕುಗಳಿಗೆ ಹಿಡಿ ಹಿಡಿ ಮಣ್ಣು ತುರುಕಿ, ಬೆರಳಲ್ಲಿ ನೇವರಿಸಿ, ಬೆಳ್ಳಗೆ ಮಾಡಿ ಇಳಿಯುತ್ತಿದ್ದರು. ಹಬ್ಬದ ದಿನ ಬಿಸೆರಾ ಬಾಗಿಲಲ್ಲಿ ನಿಂತು ಒಳಗೆ ಹೋದವರನ್ನು ಎಣಿಸುತ್ತಿದ್ದಳು. ಮೂವತ್ತಾದ ಮೇಲೆ, "ಉಸಿರು ಕಟ್ಟತ್ತೆ, ಸ್ವಲ್ಪ ಇರಿ" ಅಂತ ತಡೆಯುತ್ತಿದ್ದಳು. ಅವರು ಅವಳನ್ನು ದಬ್ಬಿಕೊಂಡು ನುಗ್ಗುತ್ತಿದ್ದರು. ಪ್ರಾರ್ಥನೆ ಮುಗಿದು ಕೊನೆಯವರು ಹೊರಬರುವಷ್ಟರಲ್ಲಿ ಅವಳ ರವಿಕೆ ಬೆನ್ನಿಗೆ ಅಂಟಿರುತ್ತಿತ್ತು.

1998ರಲ್ಲಿ ನೂಲು ಒಂದು ಗೇಣಿನ ಮೇಲೆ ಎರಡು ಬೆರಳು ಕಡಿಮೆ ಬಿತ್ತು. ಆ ಚಳಿಗಾಲ ಕರಂಫಿಲ್ ಊರೂರು ತಿರುಗಿ ತಾಮ್ರ, ತವರ ಕೂಡಿಸಿ ಒಂದು ಗಂಟೆ ಎರಕ ಹೊಯ್ಯಿಸಿದ. ತೊಂಬತ್ತು ಕಿಲೋ. ಮಾಡಿನ ನೆತ್ತಿಯ ಮೇಲೆ ಮರದ ಚೌಕಟ್ಟು ಕಟ್ಟಿ ತೂಗುಹಾಕುವುದು ಅಂತ ತೀರ್ಮಾನವಾಯಿತು. ಬಿಸೆರಾ ಸಭೆಯಲ್ಲಿ, "ನೆಲದ ಮೇಲೆ ಕಂಬ ನೆಟ್ಟು ಕಟ್ಟಿ" ಅಂದಳು.

"ನೆಲದ ಮೇಲೆ ಕಟ್ಟಿದ್ರೆ ಹಸು ಬಂದು ಬಾರ್ಸತ್ತೆ ಬಿಸೆರಕ್ಕ" ಅಂದ ಕರಂಫಿಲ್. ಎಲ್ಲರೂ ನಕ್ಕರು. ನಾನೂ.

ಮುಂದಿನ ವರ್ಷದ ಹಬ್ಬಕ್ಕೆ ಎರಡು ದಿನ ಮುಂಚೆ ಗಂಟೆ ಮೇಲೇರಿತು.

ಹದಿನೇಳರ ಬೆಳಿಗ್ಗೆ ನಾನು ಒಳಗೆ ದೀಪಗಳಿಗೆ ಎಣ್ಣೆ ಹಾಕುತ್ತಿದ್ದೆ. ಹೊರಗೆ ಹಂಡೆಗಳಲ್ಲಿ ಹರಕೆಯ ಕುರಿಮಾಂಸ ಕುದಿಯುತ್ತಿತ್ತು, ಬಸ್ಸುಗಳ ಸದ್ದು ಕೇಳುತ್ತಿತ್ತು. ಬಿಸೆರಾ ಬಾಗಿಲಲ್ಲಿ ಕಾಣಿಸಿಕೊಂಡಳು. ಒಳಗೆ ಬರಲಿಲ್ಲ.

"ಸೆವ್ದಾ, ಹೊರಗೆ ಬಾ."

"ಇನ್ನೆರಡು ದೀಪ ಕಣೇ."

"ಹೊರಗೆ ಬಾರೇ!"

ಅಷ್ಟು ವರ್ಷದಲ್ಲಿ ಅವಳು ಕೂಗಿದ್ದನ್ನು ಕೇಳಿರಲಿಲ್ಲ. ಕೈಯಲ್ಲಿದ್ದ ಎಣ್ಣೆ ತಂಬಿಗೆ ಹಾಗೇ ನಿಂತಿತು. ಆಗ ನನಗೆ ಒಂದು ಸದ್ದು ಕೇಳಿಸಿತು. ಮೋಂಬತ್ತಿ ಇಡುವ ತಗಡಿನ ತಟ್ಟೆಯ ಮೇಲೆ, ಟಿಕ್, ಸ್ವಲ್ಪ ಬಿಟ್ಟು ಮತ್ತೆ, ಟಿಕ್. ಸುಣ್ಣದ ಹರಳುಗಳು. ಕೆಳಗಿನ ಗೋಡೆಯ ಮೂಲೆಯಿಂದ ಉದುರುತ್ತಿದ್ದವು. ಹತ್ತಿರ ಹೋಗಿ ನೋಡಿದೆ. ಮೂರು ದಿನದ ಹಿಂದೆ ಬಳಿದ ಸುಣ್ಣ ಮೇಲಿಂದ ಕೆಳಗಿನವರೆಗೆ ಗೆರೆಯಾಗಿ ಸೀಳಿತ್ತು. ಅಂಗೈ ಒಡ್ಡಿದೆ. ತಣ್ಣನೆಯ ಗಾಳಿ ತಾಗಿತು. ಗೋಡೆಯೊಳಗಿಂದ ಗಾಳಿ. ಆಗ ಮೊದಲ ಸಲ ತಲೆಯೆತ್ತಿ ಆ ಚಪ್ಪಡಿಗಳನ್ನು ನೋಡಿದೆ. ಬಾಗಿಲಿಗೆ ಐದು ಹೆಜ್ಜೆ. ಆ ಐದು ಹೆಜ್ಜೆ ನನಗೆ ಇವತ್ತಿಗೂ ಕನಸಿನಲ್ಲಿ ಬರುತ್ತದೆ. ಅವಳು ಅಂಥ ಹೆಜ್ಜೆಯನ್ನು ಎಷ್ಟು ವರ್ಷ ಇಟ್ಟಿದ್ದಳೋ!

ನಾನು ಹೊರಬಂದ ಕೂಡಲೇ ಅವಳು ಬಾಗಿಲೆಳೆದು ಬೀಗ ಹಾಕಿ, ಬೀಗದ ಕೈಯನ್ನು ರವಿಕೆಯೊಳಗೆ ಸೇರಿಸಿಕೊಂಡು, ಹೊಸ್ತಿಲ ಮೇಲೆ ಕೂತಳು.

ಮುನ್ನೂರು ಜನ ಸೇರಿದ್ದರು. ಕರಂಫಿಲ್ ಹೊಸ ಅಂಗಿ ತೊಟ್ಟು ಬಂದ.

"ಏನ್ ಬಿಸೆರಕ್ಕ, ಕೋಳಿ ಕಾವಿಗೆ ಕೂತಂಗೆ ಕೂತಿದ್ಯಲ್ಲ! ಏಳು, ನೂಲು ತಾ."

"ಇವತ್ತು ಯಾರೂ ಒಳಗೆ ಹೋಗೋದಿಲ್ಲ."

"ಯಾರ ಅಪ್ಪಣೆ?"

"ನಂದು."

"ನಾವು ನಾಲ್ಕು ಗಂಟೆ ಬಸ್ಸಲ್ಲಿ ಕೂತು ಬಂದಿದೀವಿ ತಾಯಿ" ಅಂದಳು ಹೊರಗಿನ ಹೆಂಗಸೊಬ್ಬಳು, ಮಗುವನ್ನು ಕಂಕುಳಿಗೆ ಬದಲಾಯಿಸುತ್ತಾ. ಹಿಂದಿನಿಂದ ನಮ್ಮೂರಿನದೇ ಮುದಿ ದನಿ ಬಂತು: "ಅವತ್ತು ತಾನೂ ಮಲಗಲಿಲ್ಲ, ಇವತ್ತು ಬೇರೆಯೋರನ್ನೂ ಬಿಡಲ್ಲ. ಸಂತಮ್ಮ ಮಡಿಲು ತುಂಬಿಸ್ಲಿಲ್ಲ ಅಂತ ಹಗೆ!"

ನಾನು ಪಕ್ಕದಲ್ಲೇ ನಿಂತಿದ್ದೆ. ಗಾಳಿ ತಾಗಿದ ಅಂಗೈ ಇನ್ನೂ ತಣ್ಣಗಿತ್ತು. ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಬೆಳೆಯುವ ಇಗರ್ಜಿ ಅಂತ ಪತ್ರಿಕೆಯಲ್ಲಿ ಬರೆದವಳು ನಾನೇ.

ಮನೋಲ್ ಪಾದ್ರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಅವನು ನಿಲುವಂಗಿ ಎತ್ತಿಕೊಂಡು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ. "ಅಜ್ಜೀ, ಏನಾಯ್ತು ಹೇಳಿ. ನನಗೊಬ್ಬನಿಗೇ ಬೇಕಾದ್ರೂ ಹೇಳಿ."

ಅವಳು ಅವನಿಗೊಬ್ಬನಿಗೆ ಹೇಳಲಿಲ್ಲ. ಎದ್ದು ನಿಂತಳು. ಹಲ್ಲು ಕಟಕಟ ಅನ್ನುತ್ತಿತ್ತು, ಜುಲೈ ಬಿಸಿಲಲ್ಲಿ. ಬಾಗಿಲ ಮೇಲಿನ ಹೆಸರಿನ ಕಲ್ಲಿಗೆ ಕೈ ತೋರಿಸಿ, "ಇವನು ಸೊಂಟಪಟ್ಟಿ ಕೊಯ್ದಿದಾನೆ. ಕಿಟಕಿ ಹತ್ರ. ಕೆಳಗಿನ ಗೋಡೆನ ಹಿಡ್ಕೊಂಡಿರೋದು ಏನೂ ಇಲ್ಲ" ಅಂದಳು.

ಕರಂಫಿಲ್‌ನ ಮುಖ ಕೆಂಪಾಯಿತು. "ಸತ್ತ ಅಪ್ಪನ ಮೇಲೆ ಗೂಬೆ ಕೂರಿಸ್ತೀಯಲ್ಲ, ನಾಚಿಕೆ ಆಗಲ್ವಾ? ಅರವತ್ತು ವರ್ಷ ನಿಂತಿದೆ ಇದು!"

"ನಾನೇ ನೋಡಿದೀನಿ. ಊಟದ ಗಂಟು ಹಿಡ್ಕೊಂಡು ಹಿಂದೆ ನಿಂತಿದ್ದೆ. ರೊಟ್ಟಿ ಮೇಲೆ ಆಣೆ ಮಾಡಿಸ್ಕೊಂಡ. ಇವತ್ತು ಮುರಿದೆ." ಆಮೇಲೆ ದನಿ ಸಣ್ಣದಾಯಿತು. "ತಾಯಿ ಬೆಳೀತಿಲ್ಲ ಕರಂಫಿಲ್. ಗೋಡೆ ಬೀಳ್ತಿದೆ. ಚಾಕು ಇದ್ಯಲ್ಲ ನಿನ್ನ ಹತ್ರ? ಮೂಲೆಗೆ ಹೋಗಿ ಚುಚ್ಚು."

ಅವನು ಹೋದ, ಸಿಟ್ಟಿನಿಂದ, ಅವಳ ಮಾತು ಸುಳ್ಳು ಮಾಡಲಿಕ್ಕೇ. ಸೊಂಟದ ಚಾಕು ತೆಗೆದು ಮೂಲೆಯ ಸುಣ್ಣಕ್ಕೆ ಒತ್ತಿದ. ಹಿಡಿಯವರೆಗೂ ಹೋಯಿತು. ಚಾಕು ಎಳೆದು ಪಕ್ಕದವನ ಕೈಯಿಂದ ಊರುಗೋಲು ಕಿತ್ತುಕೊಂಡು ಅದೇ ತೂತಿಗೆ ಇಟ್ಟು ತಳ್ಳಿದ. ಕೋಲು ಮಣ್ಣನ್ನು ದಾಟಿ ಒಳಗೆ ಹೋಯಿತು, ಹೋಯಿತು, ಹೋಗುತ್ತಲೇ ಇತ್ತು, ಕೊನೆಗೆ ಅವನ ಮುಷ್ಟಿ ಗೋಡೆಗೆ ತಾಗಿತು. ಒಳಗೆ ಕೋಲಿನ ತುದಿ ಏನಕ್ಕೋ ತಾಗಿ ತಗಡಿನ ತಟ್ಟೆ ಕೆಳಗೆ ಬಿದ್ದ ಸದ್ದು.

ಕರಂಫಿಲ್ ಕೋಲನ್ನು ಎಳೆಯಲು ಹೆದರಿ ಅಲ್ಲೇ ಬಿಟ್ಟ. ಒಂದೊಂದೇ ಹೆಜ್ಜೆ ಹಿಂದಿಟ್ಟು ಬಂದ. "ಎಲ್ಲಾರೂ ಮೇಲುಗಡೆ ಸರೀರಿ" ಅಂದ. ಅವನ ಬಾಯಿಂದ ಅಷ್ಟು ಮೆಲ್ಲನೆಯ ಮಾತು ನಾವು ಕೇಳಿಯೇ ಇರಲಿಲ್ಲ. "ಓಡಬೇಡಿ. ನೆಲ ಅದುರಿಸಬೇಡಿ. ಮಕ್ಕಳನ್ನ ಎತ್ಕೊಳ್ಳಿ."

ಪ್ರಾರ್ಥನೆ ಹುಲ್ಲಿನ ಮೇಲೆ ನಡೆಯಿತು. ಆ ವರ್ಷ ನೂಲು ಸುತ್ತಲಿಲ್ಲ; ಗೋಡೆಯ ಹತ್ತಿರ ಹೋಗುವ ಧೈರ್ಯ ಯಾರಿಗೂ ಇರಲಿಲ್ಲ. ಊಟ ಮಾಡುವಾಗಲೂ ಜನ ಬೆನ್ನು ಹಾಕಿ ಕೂರಲಿಲ್ಲ, ಇಗರ್ಜಿಗೆ ಮುಖ ಮಾಡಿ ಕೂತರು. ನಾಲ್ಕನೆಯ ದಿನ ಬೆಳಿಗ್ಗೆ, ಕರಂಫಿಲ್ ಮತ್ತು ಐದಾರು ಜನ ಆಸರೆಗೆ ದಿಮ್ಮಿ ಹೊತ್ತು ಗುಡ್ಡ ಏರುತ್ತಿದ್ದಾಗ, ಕೆಳಗಿನ ಗೋಡೆ ಹೊರಕ್ಕೆ ಮಲಗಿತು. ಮಾಡು ಅದರ ಹಿಂದೆ ಬಂತು. ಗಂಟೆ ಇಳಿಜಾರಿನಲ್ಲಿ ಉರುಳುತ್ತಾ, ಪ್ರತಿ ಬಂಡೆಗೂ ಒಂದು ಸಲ ಬಡಿಯುತ್ತಾ, ಕಾಡಿನ ಅಂಚಿನವರೆಗೆ ಹೋಯಿತು. ಆ ಸದ್ದು ಊರಿಗೆಲ್ಲ ಕೇಳಿಸಿತು. ಕಲ್ಲಿನ ರಾಶಿಯಲ್ಲಿ ಓಕ್ ತೊಲೆಯ ತುದಿ ಮೇಲೆದ್ದು ನಿಂತಿತ್ತು, ಗರಗಸದ ಗುರುತು ನಿನ್ನೆಯದರ ಹಾಗೆ. ಎಲ್ಲರೂ ನೋಡಿದರು. ಪ್ರೊದಾನ್ ಮೇಸ್ತ್ರಿಯ ಹೆಸರು ಅವತ್ತಿಗೆ ಹೋಯಿತು.

ಯಾರೊಬ್ಬರಿಗೂ ಒಂದು ಗೀರೂ ಆಗಲಿಲ್ಲ. ನಾನು ಓಡಿ ಹೋಗಿ ಅವಳಿಗೆ ಹೇಳಿದೆ. ಅಂಗಳದಲ್ಲಿ ಬೀನ್ಸ್ ಬಿಡಿಸುತ್ತಿದ್ದಳು. "ಒಳಗೆ ಯಾರಿದ್ರು?" ಅಂದಳು. ಯಾರೂ ಇಲ್ಲ ಅಂದೆ. "ಹಬ್ಬದ ದಿನ ಬಂದೋರಲ್ಲಿ ಯಾರೂ ಇಲ್ವಾ?" ಅಂದಳು. ಇಲ್ಲ ಕಣೇ, ಎಲ್ಲ ಮನೇಲಿದಾರೆ ಅಂದೆ. ಮೂರು ಸಲ ಕೇಳಿದಳು. ಆಮೇಲೆ ಮತ್ತೆ ಬೀನ್ಸ್ ಬಿಡಿಸಲು ಶುರು ಮಾಡಿದಳು, ಸಿಪ್ಪೆಯನ್ನು ಪಾತ್ರೆಗೂ ಕಾಳನ್ನು ನೆಲಕ್ಕೂ ಹಾಕುತ್ತಾ.

ಇನ್ನು ಆರಾಮಾಗಿರುತ್ತಾಳೆ ಅಂದುಕೊಂಡೆ. ಹಾಗಾಗಲಿಲ್ಲ. ಆ ವಾರದಿಂದ ಅವಳಿಗೆ ತನ್ನ ಮನೆಯ ಸೂರಿನ ಕೆಳಗೆ ಮಲಗಲಾಗಲಿಲ್ಲ. ಅಕ್ಟೋಬರ್‌ವರೆಗೆ ಅಂಗಳದ ಸೇಬಿನ ಮರದ ಕೆಳಗೆ ಮಂಚ ಹಾಕಿಕೊಂಡಳು. "ಬಿದ್ದಾಯ್ತಲ್ಲ ಸೆವ್ದಾ. ಮತ್ತೆ ಈಗ ಯಾವುದಕ್ಕೆ ಹೆದರ್ತಿದೀನಿ ನಾನು?" ಅಂತ ನನ್ನನ್ನೇ ಕೇಳಿದಳು. ಪುಸ್ತಕಗಳಲ್ಲಿ ಉತ್ತರ ಹುಡುಕಿದೆ. ಸಿಗಲಿಲ್ಲ. ಚಳಿಗಾಲದಲ್ಲಿ ನನ್ನ ಮನೆಗೆ ಕರೆತಂದು ಬಾಗಿಲ ಪಕ್ಕದಲ್ಲಿ ಹಾಸಿಗೆ ಹಾಕಿದೆ.

2001ರಲ್ಲಿ ಅದೇ ಜಾಗದಲ್ಲಿ ಇಗರ್ಜಿ ಮತ್ತೆ ಎದ್ದಿತು. ಸೊಂಟಪಟ್ಟಿ ಮೂರು, ಎಲ್ಲವೂ ಅಖಂಡ. ಕಿಟಕಿ ಒಂದು ಮೊಳ ಮೇಲಿದೆ. ಬಿಸಿಲು ಚಿತ್ರಪಟದ ಸಂತಳ ಮುಖಕ್ಕೆ ಈಗಲೂ ಬೀಳುತ್ತದೆ, ಮೊದಲಿಗಿಂತ ಸ್ವಲ್ಪ ಮುಂಚೆ ಅಷ್ಟೇ. ಮೊದಲ ಹಬ್ಬದ ದಿನ ಕರಂಫಿಲ್ ಅವಳ ಕೈ ಹಿಡಿದು ಬಾಗಿಲವರೆಗೆ ಕರೆತಂದ.

"ಬಾ ಬಿಸೆರಕ್ಕ. ಆನೆ ಮೇಲೆ ಕೂತ್ರೂ ಬೀಳಲ್ಲ, ಅಷ್ಟು ಗಟ್ಟಿ."

"ಗಟ್ಟಿ ಅಂತ ನಂಗೊತ್ತಪ್ಪ. ನನ್ನ ಕಾಲಿಗೆ ಗೊತ್ತಿಲ್ಲ" ಅಂದು ಹುಲ್ಲಿನ ಮೇಲೆ ಕೂತಳು. ಒಳಗೆ ಹಾಡು ಮುಗಿಯುವವರೆಗೂ ಬೆರಳು ಮಡಿಸುತ್ತಿದ್ದಳು. ಹೋದವರನ್ನು ಎಣಿಸುತ್ತಿದ್ದಳು.

ಈ ಫೆಬ್ರವರಿಯಲ್ಲಿ ಹೋದಳು. ಎರಡು ದಿನದ ಜ್ವರ, ಎಪ್ಪತ್ತೊಂದನೆಯ ವರ್ಷ. ಕೊನೆಯ ಮಧ್ಯಾಹ್ನ ಬಾಗಿಲು ತೆರೆಸಿಕೊಂಡಳು.

ಕರಂಫಿಲ್ ಅಳುತ್ತಾ ಬಂದು, ಅವಳನ್ನು ಮೇಲೆ ಒಯ್ದು ಇಗರ್ಜಿಯೊಳಗೇ ಇಟ್ಟು ಪ್ರಾರ್ಥನೆ ಮಾಡಬೇಕು ಅಂದ. "ನಮ್ಮನ್ನೆಲ್ಲ ಉಳಿಸಿದೋಳು. ಅಷ್ಟಾದ್ರೂ ಮಾಡಬೇಡ್ವಾ?" ಮೊಣಕಾಲುದ್ದ ಹಿಮದಲ್ಲಿ ಎಂಟು ಜನ ಪೆಟ್ಟಿಗೆ ಹೊತ್ತು ಒಂದು ಗಂಟೆ ಏರಿದರು. ನಾನು ಮುಂದೆ ಹೋಗಿ ಬಾಗಿಲಿಗೆ ಅಡ್ಡ ನಿಂತೆ.

"ಏನ್ ಸೆವ್ದಕ್ಕ, ಈಗ ನೀನಾ?" ಅಂದ ಕರಂಫಿಲ್, ಏದುಸಿರು ಬಿಡುತ್ತಾ.

"ಹೊರಗೇ ಮಾಡಿ."

"ಹಿಮ ಬೀಳ್ತಿದೆ."

"ಬೀಳ್ಲಿ."

"ಸತ್ತೋಳಿಗೆ ಇನ್ನೇನ್ ಭಯ?"

"ಅದು ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಒಂದ್ಸಲ ಅವಳ ಮಾತು ನಂಬದೆ ನಕ್ಕಿದೀನಿ. ಇನ್ನೊಂದ್ಸಲ ಆಗಲ್ಲ."

ಅವನು ಹೊತ್ತಿದ್ದವರ ಕಡೆ ನೋಡಿದ. ಎರಡು ಬೆಂಚು ತಂದು ಹಿಮದಲ್ಲಿ ಊರಿ ಪೆಟ್ಟಿಗೆ ಇಳಿಸಿದರು. ನಮ್ಮಲ್ಲಿ ಮಣ್ಣು ಮಾಡುವವರೆಗೆ ಮುಖ ತೆರೆದಿರುತ್ತದೆ. ಮನೋಲ್ ಪಾದ್ರಿ ಚಳಿಗೆ ಬೇಗ ಬೇಗ ಓದಿದ. ಹಿಮ ಅವಳ ಹುಬ್ಬಿನ ಮೇಲೆ, ತುಟಿಯ ಮೇಲೆ ಕೂತು ಕರಗಲಿಲ್ಲ. ನಾನು ತೋಳಿನಿಂದ ಒರೆಸುತ್ತಾ ನಿಂತೆ. ಕರಂಫಿಲ್‌ಗೆ ತಡೆಯಲಾಗಲಿಲ್ಲ. ಕೋಟು ಬಿಚ್ಚಿ ಎರಡೂ ಕೈಯಲ್ಲಿ ಅವಳ ಮುಖದ ಮೇಲೆ ಸೂರಿನ ಹಾಗೆ ಅಗಲವಾಗಿ ಹಿಡಿದ.

"ಅದನ್ನೂ ತೆಗಿ" ಅಂದೆ.

ತೆಗೆದ.